ಭಾರಿ ಟೂರಿಂಗ್ ಬೈಕಿಗೆ ಹಿಂದಿನ ಟೈರ್ ಆರಿಸುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ದೊಡ್ಡ ಬೈಕಿಗೆ ಹಿಂದಿನ ಟೈರ್ ಹಾಕಿಸಲು ಹೋದರೆ ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ ‘ಯಾವ ಕಂಪನಿದು ಬೇಕು ಸಾರ್?’ ಎರಡನೆಯದು ‘ಬಜೆಟ್ ಎಷ್ಟು?’ ಎರಡಕ್ಕೂ ಉತ್ತರ ಕೊಡಬೇಕು, ಆದರೆ ಕೊನೆಯಲ್ಲಿ. ಮೊದಲು ತೀರ್ಮಾನವಾಗಬೇಕಾದ್ದು ಆ ಟೈರ್ ಎಷ್ಟು ಭಾರ ಹೊರುತ್ತದೆ ಎಂಬುದು. ನೂರು ಸಿಸಿ ಬೈಕಿನಲ್ಲಿ ಈ ಪ್ರಶ್ನೆ ಕೇಳದಿದ್ದರೂ ನಡೆಯುತ್ತದೆ. ಗಾಡಿಯೇ ಇನ್ನೂರೈವತ್ತು ಕಿಲೋ ಹತ್ತಿರವಿದ್ದು, ಹಿಂದೆ ಒಬ್ಬರು ಕೂತು, ಎರಡು ಕಡೆ ಪೆಟ್ಟಿಗೆ ನೇತಾಡುತ್ತಿದ್ದರೆ ನಡೆಯುವುದಿಲ್ಲ.

ಲೆಕ್ಕ ಸ್ಪಷ್ಟವಾಗಿ ಕಾಣಲಿ ಎಂದು ಇಲ್ಲಿ ನಮ್ಮ ರಸ್ತೆಗಳಲ್ಲಿ ಹೆಚ್ಚು ಕಾಣುವ ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯಾರ್ 650 ಬೈಕನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ತೂಕ 241 ಕಿಲೋ, ಹಿಂದೆ 16 ಇಂಚಿನ ಅಲಾಯ್ ವೀಲ್, ಟ್ಯೂಬ್‌ಲೆಸ್ ಟೈರ್. ಹಾರ್ಲೆ, ಹೋಂಡಾ ಗೋಲ್ಡ್‌ವಿಂಗ್, ಎನ್‌ಫೀಲ್ಡ್‌ನದೇ ಇಂಟರ್‌ಸೆಪ್ಟರ್‌ನಂಥ ಬೈಕ್ ಇಟ್ಟುಕೊಂಡವರಿಗೂ ಕ್ರಮ ಇದೇ. ಅಂಕಿ ಮಾತ್ರ ಬೇರೆ.

ಹಂತ 1: ಹಳೆಯ ಟೈರ್ ನಿಜವಾಗಿ ಮುಗಿದಿದೆಯೇ ನೋಡಿ

ಟೈರಿನ ಗೆರೆಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬದಂಥ ಗುರುತು ಇರುತ್ತದೆ. ಅದೆಲ್ಲಿದೆ ಎಂದು ತೋರಿಸಲು ಸೈಡ್‌ವಾಲ್‌ನ, ಅಂದರೆ ಟೈರಿನ ಪಕ್ಕದ ಗೋಡೆಯ, ಅಂಚಿನಲ್ಲಿ ‘ಟಿಡಬ್ಲ್ಯುಐ’ (TWI, ಸವೆತದ ಗುರುತು) ಅಂತಲೋ ಒಂದು ತ್ರಿಕೋನವೋ ಅಚ್ಚಾಗಿರುತ್ತದೆ. ಮೇಲಿನ ರಬ್ಬರ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಆಯುಸ್ಸು ಮುಗಿಯಿತು. ನಮ್ಮ ಮೋಟಾರು ವಾಹನ ನಿಯಮ ದ್ವಿಚಕ್ರ ವಾಹನಕ್ಕೆ ಕನಿಷ್ಠ 0.8 ಮಿ.ಮೀ. ಗೆರೆ ಆಳ ಕೇಳುತ್ತದೆ. ಅದು ಕಾನೂನಿನ ಗಡಿ ಅಷ್ಟೆ. ಭಾರದ ಗಾಡಿ ತಗೊಂಡು ಜುಲೈನಲ್ಲಿ ಆಗುಂಬೆ ಇಳಿಯುವವರು 2 ಮಿ.ಮೀ.ಗೇ ಬದಲಾಯಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಆಳ ಅಳೆಯುವಾಗ ನಡುಭಾಗದಲ್ಲೇ ಅಳೆಯಿರಿ. ಹೈವೇಯಲ್ಲಿ ನೇರ ಓಡುವ ಭಾರಿ ಬೈಕಿನ ಹಿಂದಿನ ಟೈರ್ ನಡುವೆ ಚಪ್ಪಟೆಯಾಗಿ, ಪಕ್ಕದಲ್ಲಿ ಹೊಸದರಂತೆಯೇ ಉಳಿದಿರುತ್ತದೆ. ಪಕ್ಕದ ಗೆರೆ ನೋಡಿ ‘ಇನ್ನೂ ಐದು ಸಾವಿರ ಕಿಲೋಮೀಟರ್ ಓಡುತ್ತೆ ಬಿಡಿ’ ಅನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ಚಪ್ಪಟೆಯಾದ ಟೈರಿನ ಲಕ್ಷಣ ಕೈಗೂ ಗೊತ್ತಾಗುತ್ತದೆ: ತಿರುವಿಗೆ ಬಾಗಿಸಲು ಹೋದರೆ ಗಾಡಿ ಮೊದಲು ಒಪ್ಪುವುದಿಲ್ಲ, ಆಮೇಲೆ ತಟ್ಟನೆ ವಾಲುತ್ತದೆ. ಆ ಚಪ್ಪಟೆ ಭಾಗಕ್ಕೂ ಗುಂಡಗಿನ ಭಾಗಕ್ಕೂ ನಡುವೆ ಒಂದು ಏಣು ಎದ್ದಿರುತ್ತದೆ. ಗಾಡಿ ಅದನ್ನು ಹತ್ತಿ ಇಳಿಯುತ್ತಿದೆ.

ಗೆರೆ ಇದ್ದರೂ ಬದಲಿಸಬೇಕಾದ ಸಂದರ್ಭಗಳಿವೆ. ಸೈಡ್‌ವಾಲ್‌ನಲ್ಲಿ ಬಿರುಕು, ಎಲ್ಲಾದರೂ ಉಬ್ಬು, ಒಳಗಿನ ದಾರ ಕಾಣುವಷ್ಟು ಕೊಯ್ತ, ಸೈಡ್‌ವಾಲ್‌ನಲ್ಲೇ ಪಂಚರ್. ಇವುಗಳಲ್ಲಿ ಒಂದಿದ್ದರೂ ಯೋಚನೆ ಮಾಡಬೇಕಾಗಿಲ್ಲ. ನಡುಭಾಗದಲ್ಲಿ ಸ್ಟ್ರಿಪ್ ತೂರಿಸಿ ಹಾಕಿದ ಪಂಚರ್ ಊರು ಮುಟ್ಟುವ ತನಕದ ಏರ್ಪಾಡು. ಇಬ್ಬರನ್ನು ಹೊತ್ತು ದೂರ ಓಡುವ ಗಾಡಿಗೆ ಟೈರ್ ಬಿಚ್ಚಿ ಒಳಗಿನಿಂದ ಪ್ಯಾಚ್ ಹಾಕಿಸಬೇಕು.

ಹಂತ 2: ಸೈಡ್‌ವಾಲ್ ಓದುವುದು

ಸೂಪರ್ ಮೀಟಿಯಾರ್‌ನ ಹಿಂದಿನ ಟೈರ್ ಮೇಲೆ ‘150/80 ಬಿ16 ಎಂ/ಸಿ 71ಎಚ್’ ಎಂದಿರುತ್ತದೆ. 150 ಅಂದರೆ ಅಗಲ, ಮಿಲಿಮೀಟರ್‌ನಲ್ಲಿ. 80 ಅಂದರೆ ಎತ್ತರ ಆ ಅಗಲದ ಶೇ. 80, ಅಂದರೆ 120 ಮಿ.ಮೀ. ‘ಬಿ’ ಎನ್ನುವುದು ಟೈರಿನ ಒಳಗಿನ ಕಟ್ಟಣೆ, ಅದರ ವಿಚಾರ ಮುಂದೆ ಬರುತ್ತದೆ. 16 ರಿಮ್ಮಿನ ಅಳತೆ, ಇಂಚಿನಲ್ಲಿ. ‘ಎಂ/ಸಿ’ ಇದ್ದರೆ ಅದು ಮೋಟಾರ್‌ಸೈಕಲ್ ರಿಮ್ಮಿಗೆಂದೇ ಮಾಡಿದ ಟೈರ್.

ಕೊನೆಯ 71ಎಚ್ ಬಗ್ಗೆ ಅಂಗಡಿಯಲ್ಲಿ ಯಾರೂ ಮಾತಾಡುವುದಿಲ್ಲ. 71 ಎನ್ನುವುದು ಲೋಡ್ ಇಂಡೆಕ್ಸ್. ಅದು ಕಿಲೋ ಅಲ್ಲ, ಪಟ್ಟಿಯಲ್ಲಿ ನೋಡಬೇಕಾದ ಸಂಕೇತ. 63 ಅಂದರೆ 272 ಕಿಲೋ, 66 ಅಂದರೆ 300, 71 ಅಂದರೆ 345, 74 ಅಂದರೆ 375, 77 ಅಂದರೆ 412, 81 ಅಂದರೆ 462 ಕಿಲೋ. ಐದು ಅಂಕಿ ಕಡಿಮೆಯಾದರೆ 45 ಕಿಲೋ ಹೋಯಿತು ನೋಡಿ! ಹೋಂಡಾ ಗೋಲ್ಡ್‌ವಿಂಗ್‌ನ 2018ರ ನಂತರದ ಮಾದರಿಗಳಿಗೆ ಹಿಂದೆ 200/55 ಆರ್16 77ಎಚ್, ಹಾರ್ಲೆಯ ಹಲವು ದೊಡ್ಡ ಟೂರಿಂಗ್ ಗಾಡಿಗಳಿಗೆ 180/65 ಬಿ16 81ಎಚ್ ಬರುವುದು ಸುಮ್ಮನೆ ಅಲ್ಲ.

‘ಎಚ್’ ವೇಗದ ಅಕ್ಷರ. ಪಿ 150, ಎಸ್ 180, ಎಚ್ 210, ವಿ 240 ಕಿ.ಮೀ. ವೇಗದ ತನಕ. ‘ನಾನು ನೂರರ ಮೇಲೆ ಹೋಗೋದೇ ಇಲ್ಲ, ಪಿ ಸಾಕು’ ಅನ್ನಬೇಡಿ. ಈ ಅಕ್ಷರ ಹೇಳುವುದು ಟೈರ್ ಎಷ್ಟು ಬಿಸಿ ತಡೆಯುತ್ತದೆ ಎಂಬುದನ್ನೂ. ಏಪ್ರಿಲ್‌ನಲ್ಲಿ ಕಲಬುರಗಿ, ರಾಯಚೂರು ಕಡೆ ಮಧ್ಯಾಹ್ನ ಇಬ್ಬರು ಕೂತು ಗಂಟೆಗಟ್ಟಲೆ ಓಡಿಸಿದರೆ ಟೈರ್ ಪಾಲಿಗೆ ನೂರು ಕಡಿಮೆ ವೇಗವೇನಲ್ಲ. ಎರಡೂ ಸಂಕೇತದಲ್ಲಿ ಕಂಪನಿ ಕೊಟ್ಟದ್ದಕ್ಕಿಂತ ಮೇಲೆ ಹೋಗಬಹುದು, ಕೆಳಗೆ ಇಳಿಯಬಾರದು.

ಹಂತ 3: ನಿಮ್ಮ ಗಾಡಿಯ ಹಿಂದಿನ ಚಕ್ರದ ತೂಕ ತಿಳಿಯಿರಿ

ಅಂದಾಜಿನ ಲೆಕ್ಕ ಹೀಗೆ. 241 ಕಿಲೋ ಗಾಡಿಯಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಂದರೆ 125 ಕಿಲೋ ಆಸುಪಾಸು, ಹಿಂದಿನ ಚಕ್ರದ ಮೇಲೆ ಎಂದಿಟ್ಟುಕೊಳ್ಳಿ. ಓಡಿಸುವವರು 80 ಕಿಲೋ ಇದ್ದರೆ ಅದರಲ್ಲಿ ಸುಮಾರು 50 ಹಿಂದಕ್ಕೆ. ಹಿಂದೆ ಕೂತವರ 65 ಕಿಲೋದಲ್ಲಿ ಹೆಚ್ಚುಕಡಿಮೆ ಪೂರ್ತಿ. ಪೆಟ್ಟಿಗೆ, ಬ್ಯಾಗು, ನೀರು, ಟೂಲ್ ಕಿಟ್ ಸೇರಿ 30. ಒಟ್ಟು 270 ಹತ್ತಿರ. 71 ಇಂಡೆಕ್ಸಿನ ಟೈರ್ ಹಾಕಿದ್ದರೆ 75 ಕಿಲೋ ಅವಕಾಶ ಉಳಿಯಿತು. ‘ಅದೇ ಸೈಜು ಸಾರ್, ಕಡಿಮೆ ರೇಟು’ ಎಂದು 66 ಇಂಡೆಕ್ಸಿನದು ಕೊಟ್ಟರೆ ಉಳಿಯುವುದು 30 ಕಿಲೋ. ಅದೂ ಗಾಳಿ ಸರಿಯಾಗಿದ್ದರೆ ಮಾತ್ರ. ಗಾಳಿ ಇಳಿದಂತೆ ಹೊರುವ ಶಕ್ತಿಯೂ ಇಳಿಯುತ್ತದೆ.

ಟಾಪ್ ಬಾಕ್ಸ್ ವಿಷಯದಲ್ಲಿ ಒಂದು ಮೋಸವಿದೆ. ಅದು ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ ಕೂರುತ್ತದೆ. ಹಾಗಾಗಿ ಹತ್ತು ಕಿಲೋ ತುಂಬಿದರೆ ಹಿಂದಿನ ಚಕ್ರದ ಮೇಲೆ ಹತ್ತಕ್ಕಿಂತ ಜಾಸ್ತಿ ಬೀಳುತ್ತದೆ, ಹಾಗೆ ಹೆಚ್ಚಾದಷ್ಟು ಮುಂದಿನ ಚಕ್ರ ಹಗುರಾಗುತ್ತದೆ. ಭಾರದ ಸಾಮಾನು ಪಕ್ಕದ ಪೆಟ್ಟಿಗೆಗಳ ತಳಕ್ಕೆ, ಹಗುರದ್ದು ಟಾಪ್ ಬಾಕ್ಸ್‌ಗೆ.

ಅಂದಾಜು ಬೇಡ, ನಿಜವಾದ ಅಂಕಿ ಬೇಕು ಅನ್ನುವವರು ವೇಬ್ರಿಡ್ಜ್‌ಗೆ ಹೋಗಬಹುದು. ಕಬ್ಬು, ಭತ್ತ, ಮರಳು ಲಾರಿ ತೂಗುವ ಜಾಗ ಯಾವ ಊರ ಹೊರವಲಯದಲ್ಲೂ ಸಿಗುತ್ತದೆ. ದಿಬ್ಬ ಹತ್ತಿಸುವಂಥದ್ದು ಬೇಡ, ನೆಲದ ಮಟ್ಟಕ್ಕೇ ಇರುವ ವೇಬ್ರಿಡ್ಜ್ ಹುಡುಕಿ. ಟ್ಯಾಂಕ್ ಪೂರ್ತಿ ತುಂಬಿಸಿ, ಪ್ರವಾಸಕ್ಕೆ ಹೊರಟಂತೆ ಸಾಮಾನು ಕಟ್ಟಿ, ಹಿಂದಿನ ಚಕ್ರ ಮಾತ್ರ ತಟ್ಟೆಯ ಮೇಲೆ ಬರುವಂತೆ ಗಾಡಿ ನಿಲ್ಲಿಸಿ. ಇಬ್ಬರೂ ಹತ್ತಿ ಕೂರಬೇಕು, ಕಾಲು ಫುಟ್‌ರೆಸ್ಟ್ ಮೇಲಿರಬೇಕು. ಕಾಲು ನೆಲಕ್ಕೆ ತಾಗಿಸಿದರೆ ಅಷ್ಟು ತೂಕ ಲೆಕ್ಕದಿಂದ ತಪ್ಪಿಹೋಗುತ್ತದೆ. ಆದ್ದರಿಂದ ಮುಂದೆ ನಿಂತು ಹ್ಯಾಂಡಲ್ ಹಿಡಿಯಲು ಗಟ್ಟಿ ಗೆಳೆಯನೊಬ್ಬ ಬೇಕು. ಲಾರಿ ತೂಗುವ ತಕ್ಕಡಿ ಐದೋ ಹತ್ತೋ ಕಿಲೋ ಲೆಕ್ಕದಲ್ಲಿ ತೋರಿಸುತ್ತದಾದ್ದರಿಂದ ಬಂದ ಅಂಕಿಗೆ ಹತ್ತು ಕೂಡಿಸಿಕೊಳ್ಳಿ. ಆಪರೇಟರ್ ವಿಚಿತ್ರವಾಗಿ ನೋಡುತ್ತಾನೆ, ನೋಡಲಿ.

ಹಂತ 4: ಅಗಲದ ಟೈರ್ ಆಸೆ

‘ಒಂದು ಸೈಜ್ ದಪ್ಪ ಹಾಕಿಸಿದರೆ ಗ್ರಿಪ್ ಜಾಸ್ತಿ’ ಎಂಬ ನಂಬಿಕೆ ಬಿಡಿ. ರಿಮ್ಮಿನ ಅಗಲ ಬದಲಾಗುವುದಿಲ್ಲವಲ್ಲ. ಅದರೊಳಗೆ ಅಗಲದ ಟೈರ್ ಕೂರಿಸಿದರೆ ಎರಡೂ ಅಂಚು ಒಳಕ್ಕೆ ಎಳೆದುಕೊಂಡು ನಡು ಚೂಪಾಗುತ್ತದೆ, ನೆಲಕ್ಕೆ ತಾಗುವ ಜಾಗ ನೀವು ಎಣಿಸಿದಂತೆ ಇರುವುದಿಲ್ಲ. ಚೈನ್, ಸ್ವಿಂಗ್‌ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು), ಮಡ್‌ಗಾರ್ಡ್‌ಗೆ ಉಜ್ಜುವ ಭಯ ಬೇರೆ. ನಿಂತಾಗ ಜಾಗವಿದೆ ಅನ್ನಿಸಿದರೂ ಭಾರ ಬಿದ್ದು, ಟೈರ್ ಬಿಸಿಯಾಗಿ ಹಿಗ್ಗಿದಾಗ ಇರುವುದಿಲ್ಲ.

ಎತ್ತರ ಕಡಿಮೆ ಮಾಡುವುದೂ ಹಾಗೇ. 150/80ರ ಬದಲು 150/70 ಹಾಕಿದರೆ ಚಕ್ರದ ವ್ಯಾಸ 30 ಮಿ.ಮೀ. ಇಳಿಯುತ್ತದೆ, ಗಾಡಿಯ ಹಿಂಭಾಗ 15 ಮಿ.ಮೀ. ಕೂರುತ್ತದೆ. ಸೂಪರ್ ಮೀಟಿಯಾರ್‌ಗೆ ನೆಲದಿಂದ ಇರುವ ಎತ್ತರವೇ 135 ಮಿ.ಮೀ. ನಮ್ಮೂರ ಹಂಪುಗಳನ್ನು ನೋಡಿದವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ. ಒಂದು ಸುತ್ತಿಗೆ ಚಕ್ರ ಕ್ರಮಿಸುವ ದೂರವೂ ಶೇ. 4.6ರಷ್ಟು ಕಡಿಮೆಯಾಗುತ್ತದೆ. ಬ್ರೇಕ್ ಹಿಡಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಕೆಲಸ ಮಾಡುವುದು ಎರಡು ಚಕ್ರಗಳ ವೇಗವನ್ನು ಗಮನಿಸಿ, ಆ ಲೆಕ್ಕವನ್ನು ಕೆಡಿಸುವುದು ಬೇಡ.

ಅಮೆರಿಕದಲ್ಲಿ ಗೋಲ್ಡ್‌ವಿಂಗ್ ಓಡಿಸುವ ಕೆಲವರು ಹಿಂದೆ ಕಾರಿನ ಟೈರನ್ನೇ ಹಾಕಿಬಿಡುತ್ತಾರೆ. ‘ಡಾರ್ಕ್‌ಸೈಡ್’ ಅಂತ ಅದಕ್ಕೆ ಹೆಸರು. ಬಹಳ ಬಾಳಿಕೆ ಬರುತ್ತದೆ ಎಂಬುದು ಅವರ ವಾದ, ಸುಳ್ಳೂ ಅಲ್ಲ. ಆದರೆ ಕಾರಿನ ಟೈರ್ ರಿಮ್ಮಿಗೆ ಕಚ್ಚುವ ಬೀಡ್‌ನ ಆಕಾರ ಬೇರೆ, ಬೈಕ್ ರಿಮ್ಮಿನ ಅಂಚು ಬೇರೆ. ಬಾಗಬೇಕಾದ ಗಾಡಿಗೆ ಚೌಕಟ್ಟಾದ ಭುಜದ ಟೈರ್ ಕಟ್ಟಿದರೆ ತಿರುವಿನಲ್ಲಿ ಅದು ಅಂಚಿನ ಮೇಲೆ ನಿಲ್ಲುತ್ತದೆ. 16 ಇಂಚಿನ ಕಾರ್ ಟೈರ್ ಅಗ್ಗಕ್ಕೆ ಸಿಗುತ್ತದೆಂದು ಇಲ್ಲಿ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಹಂತ 5: ಒಳಗಿನ ಕಟ್ಟಣೆ, ಮುಂದಿನ ಟೈರಿನ ಜೋಡಿ

ಸೈಜಿನ ನಡುವೆ ‘ಆರ್’ ಇದ್ದರೆ ರೇಡಿಯಲ್, ಬರೀ ಅಡ್ಡಗೆರೆ ಇದ್ದರೆ ಬಯಾಸ್, ‘ಬಿ’ ಇದ್ದರೆ ಬಯಾಸ್ ಬೆಲ್ಟೆಡ್. ಬಯಾಸ್‌ನಲ್ಲಿ ಒಳಗಿನ ದಾರದ ಪದರಗಳು ಓರೆಯಾಗಿ ಒಂದರ ಮೇಲೊಂದು ಹೆಣೆದುಕೊಂಡಿರುತ್ತವೆ. ಸೈಡ್‌ವಾಲ್ ಗಟ್ಟಿ, ಭಾರ ಹೊರಲು ಒಗ್ಗಿದ್ದು, ಬಿಸಿ ಮಾತ್ರ ಬೇಗ ಏರುತ್ತದೆ. ರೇಡಿಯಲ್‌ನಲ್ಲಿ ದಾರಗಳು ಅಡ್ಡಕ್ಕೆ ನೇರವಾಗಿ ಸಾಗುತ್ತವೆ, ಮೇಲೆ ಬೆಲ್ಟ್ ಇರುತ್ತದೆ. ಹೆಚ್ಚು ವೇಗದಲ್ಲಿ ತಣ್ಣಗಿರುತ್ತದೆ, ತಿರುವಿನಲ್ಲಿ ಮೆತ್ತಗೆ ನಡೆಯುತ್ತದೆ. ಬೆಲ್ಟೆಡ್ ಎರಡರ ನಡುವಿನದು. ಭಾರದ ಕ್ರೂಸರ್‌ಗಳಿಗೆ ಕಂಪನಿಗಳು ಹೆಚ್ಚಾಗಿ ಅದನ್ನೇ ಕೊಡುವುದು ಈ ಕಾರಣಕ್ಕೆ.

ಕಂಪನಿ ಕೊಟ್ಟ ಕಟ್ಟಣೆಯನ್ನೇ ಉಳಿಸಿಕೊಳ್ಳುವುದು ಸುಲಭದ ದಾರಿ. ಬದಲಿಸುವುದಾದರೆ ಮುಂದೆ ಹಿಂದೆ ಎರಡನ್ನೂ ಒಂದೇ ಜೋಡಿಯಾಗಿ, ಅದೂ ಟೈರ್ ಕಂಪನಿ ನಿಮ್ಮ ಬೈಕ್ ಮಾದರಿಗೆ ಆ ಜೋಡಿ ಹೊಂದುತ್ತದೆ ಎಂದು ಪಟ್ಟಿಯಲ್ಲಿ ಹೇಳಿದ್ದರೆ ಬದಲಿಸಿ. ಇಂಟರ್‌ಸೆಪ್ಟರ್ 650 ಬಂದಾಗ ಮುಂದೆ 100/90-18 ಬಯಾಸ್, ಹಿಂದೆ 130/70 ಆರ್18 ರೇಡಿಯಲ್ ಇತ್ತು. ಅದು ಕಂಪನಿಯೇ ಪರೀಕ್ಷಿಸಿ ಕೊಟ್ಟ ಜೋಡಿ. ಅದನ್ನು ತಲೆಕೆಳಗು ಮಾಡಿ, ಮುಂದೆ ರೇಡಿಯಲ್, ಹಿಂದೆ ಬಯಾಸ್ ಹಾಕುವುದು ಮಾತ್ರ ಕೂಡದು.

ಭಾರಿ ಗಾಡಿಯಲ್ಲಿ ಹಿಂದಿನ ಎರಡು ಟೈರ್ ಸವೆಯುವಷ್ಟರಲ್ಲಿ ಮುಂದಿನದು ಒಂದು ಸವೆಯುವುದು ಸಾಮಾನ್ಯ. ಮುಂದಿನದು ಅರ್ಧ ಉಳಿದಿದ್ದರೆ ಹಿಂದಿನದನ್ನು ಅದೇ ಕಂಪನಿಯ ಅದೇ ಮಾದರಿಯಲ್ಲಿ ತಗೊಳ್ಳಿ. ಮಾದರಿಯನ್ನೇ ಬದಲಿಸುವ ಮನಸ್ಸಿದ್ದರೆ ಎರಡೂ ಒಟ್ಟಿಗೆ ಮುಗಿಯುವ ಸಮಯಕ್ಕೆ ಕಾಯಿರಿ.

ಸ್ಪೋಕ್ ಚಕ್ರದವರಿಗೆ ಒಂದು ಮಾತು: ರಿಮ್ ಟ್ಯೂಬ್ ಬೇಡುವಂಥದ್ದಾದರೆ ಟೈರ್ ಮೇಲೆ ಟ್ಯೂಬ್‌ಲೆಸ್ ಎಂದಿದ್ದರೂ ಒಳಗೆ ಟ್ಯೂಬ್ ಬೇಕು. ಹೊಸ ಟೈರಿಗೆ ಹೊಸ ಟ್ಯೂಬ್.

ಹಂತ 6: ನಿಮ್ಮ ರಸ್ತೆಗೆ ಯಾವ ರಬ್ಬರ್

ಭಾರ, ಸೈಜು, ಕಟ್ಟಣೆ ಮೂರನ್ನೂ ಪಾಸಾದ ಟೈರ್‌ಗಳು ಎರಡು ಮೂರಷ್ಟೇ ಉಳಿದಿರುತ್ತವೆ. ಈಗ ಕಂಪನಿ ಹೆಸರಿನ ಸರದಿ. ಗಟ್ಟಿ ರಬ್ಬರ್ ಹೆಚ್ಚು ಓಡುತ್ತದೆ, ಒದ್ದೆಯಲ್ಲಿ ಕಡಿಮೆ ಹಿಡಿಯುತ್ತದೆ. ಮೆತ್ತನೆಯದು ಹಿಡಿಯುತ್ತದೆ, ಬೇಗ ಕರಗುತ್ತದೆ. ನಡುವೆ ಗಟ್ಟಿ, ಪಕ್ಕದಲ್ಲಿ ಮೆತ್ತಗೆ ಇರುವ ಡ್ಯುಯಲ್ ಕಾಂಪೌಂಡ್ ಟೈರ್‌ಗಳು ಇದಕ್ಕೆಂದೇ ಬಂದವು. ಭಾರಿ ಟೂರಿಂಗ್ ಗಾಡಿಗೆ ನನ್ನ ಆಯ್ಕೆ ಅದೇ, ನಿಮ್ಮ ಸೈಜಿನಲ್ಲಿ ಸಿಕ್ಕರೆ.

ತುಮಕೂರು, ಚಿತ್ರದುರ್ಗ, ದಾವಣಗೆರೆ ಮೇಲೆ ಹುಬ್ಬಳ್ಳಿಗೆ ಎನ್‌ಎಚ್ 48ರಲ್ಲಿ ಓಡಾಡುವುದೇ ಹೆಚ್ಚಾದರೆ ಬಾಳಿಕೆಗೆ ಒತ್ತು ಕೊಡಿ. ಸಕಲೇಶಪುರ ದಾಟಿ ಶಿರಾಡಿ, ಮೂಡಿಗೆರೆ ದಾಟಿ ಚಾರ್ಮಾಡಿ ಇಳಿಯುವವರು, ಅದರಲ್ಲೂ ಮಳೆಗಾಲದಲ್ಲಿ, ನೀರು ಹೊರದಬ್ಬುವ ಗೆರೆಗಳನ್ನು ನೋಡಿ: ನಡುವಿನಿಂದ ಅಂಚಿನ ತನಕ ತಡೆಯಿಲ್ಲದೆ ಹರಿಯುವ ಕಾಲುವೆಗಳಿರಬೇಕು. ಕಾಂಕ್ರೀಟ್ ರಸ್ತೆಯ ಗೀರುಗಳು ಡಾಂಬರಿಗಿಂತ ಬೇಗ ರಬ್ಬರ್ ತಿನ್ನುತ್ತವೆ. ಶಿರಾಡಿಯ ಕಾಂಕ್ರೀಟೇ ಇರಲಿ, ಬೆಂಗಳೂರಿನ ವೈಟ್‌ಟಾಪಿಂಗ್ ಇರಲಿ, ದಿನಾ ಅಲ್ಲೇ ಓಡುವವರು ಅಂಗಡಿಯವರು ಹೇಳುವ ಕಿಲೋಮೀಟರ್ ನಂಬಬೇಡಿ.

ದಪ್ಪ ದಪ್ಪ ಗಡ್ಡೆಯ ಆಫ್‌ರೋಡ್ ಟೈರ್ ನೋಡಲು ಚೆಂದ. ಕಾಫಿ ತೋಟದ ಕೆಸರಿಗೆ ನಿಜವಾಗಿ ಇಳಿಯುವವರಿಗೆ ಸರಿ. ಉಳಿದವರಿಗೆ ಹೈವೇಯಲ್ಲಿ ಗುಂಯ್ ಸದ್ದು, ಬೇಗ ಸವೆಯುವ ನಡುಭಾಗ, ಒದ್ದೆ ಡಾಂಬರಿನಲ್ಲಿ ಕಡಿಮೆ ಹಿಡಿತ.

ಹಂತ 7: ಅಂಗಡಿಯಲ್ಲಿ

ತಯಾರಾದ ದಿನಾಂಕವನ್ನು ನೀವೇ ಹುಡುಕಿ. ‘ಡಾಟ್’ (DOT) ಎಂಬ ಗುರುತಿನ ಸಾಲಿನ ಕೊನೆಗೆ, ಅಥವಾ ಪ್ರತ್ಯೇಕವಾಗಿ ಅಂಡಾಕಾರದ ಚೌಕಟ್ಟಿನಲ್ಲಿ, ನಾಲ್ಕು ಅಂಕಿ ಇರುತ್ತವೆ. 2325 ಅಂದರೆ 2025ರ 23ನೇ ವಾರ. ವರ್ಷದೊಳಗಿನದಾದರೆ ಒಳ್ಳೆಯದು. ಎರಡು ವರ್ಷ ಹಳೆಯದಾದರೆ ಬೇರೆ ಕೇಳಿ, ಅಪರೂಪದ ಸೈಜಾಗಿ ಬೇರೆ ಸಿಗದಿದ್ದರೆ ಬೆಲೆ ಇಳಿಸಿಕೊಂಡು ತಗೊಳ್ಳಿ. ವರ್ಷಕ್ಕೆ ಎರಡೋ ಮೂರೋ ಸಾವಿರ ಕಿ.ಮೀ. ಮಾತ್ರ ಓಡಿಸುವವರಿಗೆ ಈ ದಿನಾಂಕ ಗೆರೆಯಷ್ಟೇ ಮುಖ್ಯ. ಗೆರೆ ಸವೆಯುವ ಮೊದಲೇ ರಬ್ಬರ್ ಒಣಗುತ್ತದೆ. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಂದ ನೋಡಿಸಬೇಕು, ಹತ್ತಾದರೆ ಹೇಗಿದ್ದರೂ ತೆಗೆಯಬೇಕು. ಅಂಗಡಿಯ ಮುಂದೆ ಬಿಸಿಲಿಗೆ ನೇತುಹಾಕಿದ ಟೈರ್ ಬೇಡ, ಒಳಗಿನಿಂದ ತರಿಸಿ.

ಐಎಸ್‌ಐ ಗುರುತು ಇರಲೇಬೇಕು. ಭಾರತದಲ್ಲಿ ಮಾರುವ ಟೈರ್‌ಗೆ ಅದು ಕಡ್ಡಾಯ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟೈರ್ ಆಮದಿಗೆ ನಿರ್ಬಂಧ ಹಾಕಿದ ಮೇಲೆ ದೊಡ್ಡ ಬೈಕುಗಳ ವಿದೇಶಿ ಟೈರ್ ಸಿಗುವುದು ಕಷ್ಟವಾಯಿತು. ಆ ಕೊರತೆಯ ಬೆನ್ನಿಗೇ ‘ಬಿಲ್ ಇಲ್ಲ, ಮಾಲ್ ಒರಿಜಿನಲ್’ ವ್ಯಾಪಾರವೂ ಬೆಳೆಯುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಿರಲಿ, ನಿಮ್ಮೂರ ಡೀಲರ್ ಇರಲಿ, ಬಿಲ್ ಇಲ್ಲದ ಟೈರಿಗೆ ವಾರಂಟಿಯಿಲ್ಲ. 2025ರ ಸೆಪ್ಟೆಂಬರ್ 22ರಿಂದ ಟೈರ್ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಹಳೆಯ ರೇಟ್ ಕಾರ್ಡ್ ತೋರಿಸಿದರೆ ಅದನ್ನು ನೆನಪಿಸಿ.

ಗೋಲ್ಡ್‌ವಿಂಗ್‌ನಂಥ ಗಾಡಿಯವರು ಟೈರ್ ಸವೆದ ಮೇಲೆ ಹುಡುಕಲು ಹೊರಡಬಾರದು. 3 ಮಿ.ಮೀ. ಉಳಿದಾಗಲೇ ಆರ್ಡರ್ ಕೊಟ್ಟಿರಿ.

ಹಂತ 8: ಹಾಕಿಸುವಾಗ ಪಕ್ಕದಲ್ಲೇ ನಿಲ್ಲಿ

ಸುತ್ತಿಗೆ, ಕಬ್ಬಿಣದ ಲಿವರ್ ಹಿಡಿದು ಅಲಾಯ್ ವೀಲ್ ಮೇಲೆ ಬೀಳುವ ಅಂಗಡಿ ಬೇಡ. ಟೈರ್ ಬಿಚ್ಚುವ ಮಷೀನ್ ಇರಬೇಕು. ಚಕ್ರವನ್ನು ಡಿಸ್ಕ್ ಕೆಳಗಾಗಿ ನೆಲದ ಮೇಲೆ ಮಲಗಿಸಲು ಬಿಡಬೇಡಿ, ಡಿಸ್ಕ್ ಬಾಗಿದರೆ ಟೈರಿಗಿಂತ ದುಬಾರಿ. ಎಬಿಎಸ್ ರಿಂಗ್ ಇರುವ ಕಡೆಯೂ ಅಷ್ಟೇ ಎಚ್ಚರ.

ಟೈರ್ ಮೇಲಿನ ಬಾಣ ಚಕ್ರ ಮುಂದಕ್ಕೆ ತಿರುಗುವ ದಿಕ್ಕಿಗೇ ಇರಬೇಕು. ಹಳದಿ ಚುಕ್ಕೆ ಇದ್ದರೆ ಅದು ಟೈರಿನ ಹಗುರ ಜಾಗ, ವಾಲ್ವ್ ಪಕ್ಕಕ್ಕೆ ಬರಲಿ. ವಾಲ್ವ್ ಹೊಸದು ಹಾಕಿಸಿ. ಟೈರಿನ ಬೆಲೆಗೆ ಹೋಲಿಸಿದರೆ ಅದು ಚಿಲ್ಲರೆ ಕಾಸು. ಬೀಡ್‌ಗೆ ಸೋಪು ನೀರು ಹಚ್ಚಬೇಕು, ಗ್ರೀಸ್ ಡೀಸೆಲ್ ಅಲ್ಲ. ಗಾಳಿ ತುಂಬಿಸುವಾಗ ‘ಟಪ್’ ಎಂದು ಎರಡು ಸಲ ಕೇಳಿದರೆ ಎರಡೂ ಬದಿಯ ಬೀಡ್ ಕೂತಿದೆ. ಅಷ್ಟಕ್ಕೇ ಬಿಡದೆ ಬಗ್ಗಿ ನೋಡಿ: ರಿಮ್ ಅಂಚಿನ ಪಕ್ಕ ಟೈರ್ ಮೇಲೆ ತೆಳುವಾದ ಒಂದು ಉಬ್ಬುಗೆರೆ ಸುತ್ತಲೂ ಓಡುತ್ತದೆ. ಆ ಗೆರೆಗೂ ರಿಮ್ಮಿಗೂ ನಡುವಿನ ಅಂತರ ಎಲ್ಲ ಕಡೆ ಒಂದೇ ಇರಬೇಕು. ಒಂದು ಕಡೆ ಒಳಕ್ಕೆ ಮುಳುಗಿದ್ದರೆ ಬೀಡ್ ಕೂತಿಲ್ಲ. ಆಗ ಗಾಳಿ ಏರಿಸುತ್ತಾ ಹೋಗದೆ, ಪೂರ್ತಿ ಇಳಿಸಿ, ಸೋಪು ಹಚ್ಚಿ ಮತ್ತೆ ತುಂಬಿಸಲಿ. ಆಮೇಲೆ ಬ್ಯಾಲೆನ್ಸಿಂಗ್.

ಚಕ್ರ ಹೊರಗಿರುವಾಗಲೇ ಬೇರಿಂಗ್ ಒಳಗೆ ಬೆರಳಿಟ್ಟು ತಿರುಗಿಸಿ, ಗರಗರ ಅಂದರೆ ಬದಲಿಸಿ. ಚೈನಿನ ಎಳೆತದ ಜರ್ಕ್ ತಡೆಯುವ ಕಪ್ಲಿಂಗ್ ರಬ್ಬರ್ ಪುಡಿಯಾಗಿದೆಯೇ, ಸ್ಪ್ರಾಕೆಟ್ ಹಲ್ಲು ಕೊಕ್ಕೆಯಾಗಿದೆಯೇ ನೋಡಿ. ಮತ್ತೆ ಕೂರಿಸುವಾಗ ಚೈನ್ ಸಡಿಲ ಸರಿಮಾಡಿ, ಎರಡೂ ಕಡೆಯ ಅಡ್ಜಸ್ಟರ್ ಗುರುತು ಸಮ ಇರುವಂತೆ ನೋಡಿಕೊಂಡು, ಆಕ್ಸಲ್ ನಟ್ ಟಾರ್ಕ್ ರೆಂಚ್‌ನಲ್ಲಿ ಬಿಗಿಯಲಿ. ಹೊರಡುವ ಮೊದಲು ಹಿಂದಿನ ಬ್ರೇಕ್ ಪೆಡಲ್ ಗಟ್ಟಿಯಾಗುವ ತನಕ ನಾಲ್ಕಾರು ಸಲ ತುಳಿಯಿರಿ. ಚಕ್ರ ತೆಗೆದಾಗ ಪ್ಯಾಡ್‌ಗಳು ಹಿಂದೆ ಸರಿದಿರುತ್ತವೆ, ಮೊದಲ ಸಿಗ್ನಲ್‌ನಲ್ಲಿ ಪೆಡಲ್ ಪೊಳ್ಳು ಹೋಗುವುದು ಬೇಡ.

ಹಂತ 9: ಮೊದಲ ಇನ್ನೂರು ಕಿಲೋಮೀಟರ್

ಹೊಸ ಟೈರ್ ಮೇಲ್ಮೈ ನುಣ್ಣಗಿರುತ್ತದೆ. ಮೊದಲ 150ರಿಂದ 200 ಕಿ.ಮೀ. ಜೋರಾಗಿ ಬ್ರೇಕ್ ಹಿಡಿಯುವುದು, ತಟ್ಟನೆ ಥ್ರಾಟಲ್ ತಿರುವುವುದು ಬೇಡ. ಬಾಗುವುದನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ, ಪಕ್ಕಗಳೂ ಉಜ್ಜಿಕೊಳ್ಳಲಿ. ಅಂಗಡಿ ಹುಡುಗರು ಹೊಳಪಿಗೆಂದು ಪಾಲಿಶ್ ಹಚ್ಚಲು ಬಂದರೆ ಬೇಡವೆನ್ನಿ.

ಗಾಳಿಯ ಒತ್ತಡ ನೋಡಬೇಕಾದ್ದು ಮರುದಿನ ಬೆಳಿಗ್ಗೆ, ಗಾಡಿ ತೆಗೆಯುವ ಮುನ್ನ, ನಿಮ್ಮದೇ ಗೇಜ್‌ನಲ್ಲಿ. ಬಂಕ್‌ಗಳ ಮೀಟರ್ ಒಂದೊಂದು ಕಡೆ ಒಂದೊಂದು ತೋರಿಸುತ್ತದೆ. ಸೈಡ್‌ವಾಲ್ ಮೇಲೆ ಬರೆದಿರುವ ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗರಿಷ್ಠ ಭಾರಕ್ಕೆ ಸಂಬಂಧಿಸಿದ್ದು, ದಿನನಿತ್ಯ ತುಂಬಿಸಬೇಕಾದ್ದಲ್ಲ. ಗಾಡಿಯ ಸ್ಟಿಕ್ಕರ್ ಅಥವಾ ಮ್ಯಾನುಯಲ್‌ನಲ್ಲಿರುವುದನ್ನು ಹಿಡಿಯಿರಿ. ಒಬ್ಬರಿಗೆ, ಇಬ್ಬರಿಗೆ ಬೇರೆ ಬೇರೆ ಕೊಟ್ಟಿದ್ದರೆ ಸಾಮಾನು ಕಟ್ಟಿದ ದಿನ ಇಬ್ಬರದ್ದೇ ಲೆಕ್ಕ. ಗೋಲ್ಡ್‌ವಿಂಗ್‌ಗೆ ಹಿಂದೆ 41, ಮುಂದೆ 36 ಪಿಎಸ್‌ಐ. ಬಿಸಿಯಾದಾಗ ಏರಿದ ಒತ್ತಡವನ್ನು ದಾರಿಯಲ್ಲಿ ಇಳಿಸಬೇಡಿ. ಗಾಳಿ ಕಡಿಮೆಯಾದಷ್ಟೂ ಟೈರ್ ಹೆಚ್ಚು ಬಳುಕುತ್ತದೆ, ಬಳುಕಿದಷ್ಟೂ ಬಿಸಿಯಾಗುತ್ತದೆ. ಭಾರಿ ಗಾಡಿಯ ಹಿಂದಿನ ಟೈರ್ ಸಿಡಿಯುವುದು ಹೆಚ್ಚಾಗಿ ಹೀಗೆ. ನೈಟ್ರೋಜನ್ ತುಂಬಿಸಿದರೂ ಈ ತಪಾಸಣೆ ತಪ್ಪುವುದಿಲ್ಲ.

ಐನೂರು ಕಿಲೋಮೀಟರ್ ಹೊತ್ತಿಗೆ ಚೈನ್ ಸಡಿಲ ಇನ್ನೊಮ್ಮೆ ನೋಡಿ. ಟೈರ್ ಹಾಕಿಸಿದ ದಿನದ ಓಡೋಮೀಟರ್ ಅಂಕಿ, ಆ ನಾಲ್ಕು ಅಂಕಿಯ ದಿನಾಂಕ, ಲೋಡ್ ಇಂಡೆಕ್ಸ್ ಮೂರನ್ನೂ ಬಿಲ್ ಹಿಂದೆ ಬರೆದು ಫೋಟೋ ತೆಗೆದಿಡಿ. ವಾರಂಟಿ ಕೇಳಲು ಹೋದಾಗ ಮೊದಲು ಕೇಳುವುದು ಅದನ್ನೇ, ಮತ್ತು ಬಿಲ್ಲಿನ ಶಾಯಿ ಆರು ತಿಂಗಳಿಗೆ ಮಾಸುತ್ತದೆ.